ಮೂರು ಗಂಟೆಯ ಬಂಡವಾಳ



ಡಿಸೆಂಬರ್ ಬಂತೆಂದರೆ ನಮ್ಮ ಕಾಲೇಜಿನಲ್ಲಿ ಯಾರನ್ನು ಮಾತನಾಡಿಸಿದರೂ ಒಂದೇ ಉತ್ತರ: "ಟೈಮೇ ಸಾಲ್ತಿಲ್ಲ." ಬೆಳಿಗ್ಗೆ ಟ್ಯೂಷನ್, ಆಮೇಲೆ ತರಗತಿ, ಸಂಜೆ ಅಂಗಡಿ ಇಲ್ಲವೇ ಅಡುಗೆಮನೆ, ರಾತ್ರಿ ನೋಟ್ಸ್. ಜೂನ್‌ನಲ್ಲಿ ತರಗತಿ ಶುರುವಾದಾಗ ನಮ್ಮಲ್ಲಿ ಹಲವರು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸುತ್ತಾರೆ. ಸ್ಕೇಲಿನಲ್ಲಿ ಗೆರೆ ಎಳೆದು, ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣದ ಪೆನ್ನು ಬಳಸಿ ಚೆನ್ನಾಗಿಯೇ ಬರೆದಿರುತ್ತಾರೆ. ಎರಡು ವಾರ ಕಳೆದ ಮೇಲೆ ಆ ಹಾಳೆ ಗೋಡೆಯ ಮೇಲೆ ಹಾಗೇ ಇರುತ್ತದೆ. ದಿನ ಮಾತ್ರ ಬೇರೆ ದಾರಿಯಲ್ಲಿ ಹೋಗುತ್ತಿರುತ್ತದೆ.

ಇದಕ್ಕೆ ದೊಡ್ಡವರು ಕೊಡುವ ಕಾರಣ ಸೋಮಾರಿತನ, ಇಲ್ಲವೇ ಮೊಬೈಲ್. ಅದೂ ಇರಬಹುದು. ಆದರೆ ನನಗೆ ಇನ್ನೊಂದು ಕಾರಣ ಕಾಣುತ್ತದೆ. ಟೈಮ್‌ಟೇಬಲನ್ನು ನಾವು ಒಬ್ಬರೇ ಕೂತು ಬರೆಯುತ್ತೇವೆ. ನಮ್ಮ ಮನೆಗಳಲ್ಲಾದರೋ ಸಮಯ ಒಬ್ಬರ ಸ್ವಂತದ್ದಾಗಿರುವುದಿಲ್ಲ. ಸಂಜೆ ಆರು ಗಂಟೆಗೆ "ಎಕನಾಮಿಕ್ಸ್" ಎಂದು ಬರೆದಿರುತ್ತೇವೆ. ಅದೇ ಆರು ಗಂಟೆಗೆ ತಮ್ಮನನ್ನು ಟ್ಯೂಷನ್‌ನಿಂದ ಕರೆತರಬೇಕಾದವರೂ ನಾವೇ. ಇದು ಆ ಹಾಳೆಗೆ ಗೊತ್ತಿರುವುದಿಲ್ಲ, ನಮ್ಮ ಹಾಳೆಯಲ್ಲಿ ಏನಿದೆ ಎಂಬುದು ಮನೆಯವರಿಗೂ ಗೊತ್ತಿರುವುದಿಲ್ಲ.

ಗುರಿಯನ್ನು ಮನೆಯವರ ಮುಂದೆ ಇಟ್ಟು, ಅವರ ಜೊತೆ ಲೆಕ್ಕ ಹಾಕಿದರೆ ಮಾತ್ರ ಅದಕ್ಕೆ ಸಮಯ ಸಿಗುತ್ತದೆ ಎಂಬುದು ಈ ಲೇಖನದಲ್ಲಿ ನಾನು ಹೇಳಲು ಹೊರಟಿರುವ ಮಾತು. ನಾನು ವಾಣಿಜ್ಯ ವಿಭಾಗದವಳು. ಹಾಗಾಗಿ ಅಕೌಂಟೆನ್ಸಿ ಮತ್ತು ಬಿಸಿನೆಸ್ ಸ್ಟಡೀಸ್ ಪುಸ್ತಕದ ಪದಗಳನ್ನೇ ಬಳಸುತ್ತೇನೆ. ವಿಜ್ಞಾನ ಮತ್ತು ಕಲಾ ವಿಭಾಗದವರಿಗೂ ತಿಳಿಯುವಂತೆ ಬಿಡಿಸಿ ಹೇಳುತ್ತೇನೆ.

ಮೊದಲು ಲೆಕ್ಕ, ಆಮೇಲೆ ಗುರಿ

"ಮೊದಲು ದೊಡ್ಡ ಗುರಿ ಇಟ್ಟುಕೊಳ್ಳಿ" ಎಂದು ಎಲ್ಲ ಭಾಷಣಗಳಲ್ಲೂ ಕೇಳುತ್ತೇವೆ. ಅಕೌಂಟೆನ್ಸಿಯಲ್ಲಿ ಕ್ರಮ ಬೇರೆ. ಯಾವ ವ್ಯಾಪಾರವಾದರೂ ಕೈಯಲ್ಲಿ ಎಷ್ಟಿದೆ ಎಂದು ಬರೆದುಕೊಂಡೇ ಪುಸ್ತಕ ಶುರು ಮಾಡುತ್ತದೆ. ದಿನಕ್ಕೆ 24 ಗಂಟೆ ಎಲ್ಲರಿಗೂ ಸಮ ಎನ್ನುವುದು ನಿಜ. ಆದರೆ ಎಲ್ಲರ ಖರ್ಚು ಒಂದೇ ಅಲ್ಲ. ಖರ್ಚು ಕಳೆದು ಉಳಿಯುವ ಗಂಟೆಗಳೇ ನಮ್ಮ ನಿಜವಾದ ಬಂಡವಾಳ.

ನನ್ನ ಒಂದು ಸಾಮಾನ್ಯ ದಿನದ ಲೆಕ್ಕ ಹೀಗಿದೆ:

ನಿದ್ರೆ – 7 ಗಂಟೆ
ಕಾಲೇಜು ಮತ್ತು ಬಸ್ಸು – 8½ ಗಂಟೆ
ಸ್ನಾನ, ಊಟ, ನಮಾಜ್ – 2½ ಗಂಟೆ
ಮನೆಗೆಲಸ, ತಮ್ಮನ ಹೋಂವರ್ಕ್ – 1½ ಗಂಟೆ
ಸೀರೆ ಕುಚ್ಚು – 1½ ಗಂಟೆ
ಒಟ್ಟು – 21 ಗಂಟೆ
ಉಳಿದದ್ದು – 3 ಗಂಟೆ

ಸೀರೆ ಕುಚ್ಚಿನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಅಮ್ಮಿ ಬಟ್ಟೆ ಅಂಗಡಿಯಿಂದ ಸೀರೆ ತಂದು ಸೆರಗಿನ ಅಂಚಿಗೆ ಕುಚ್ಚು ಕಟ್ಟಿಕೊಡುತ್ತಾರೆ. ನಾನು ದಿನಕ್ಕೆ ಒಂದು ಸೀರೆ ಕಟ್ಟುತ್ತೇನೆ. ಸಾದಾ ಕುಚ್ಚಿಗೆ ಸೀರೆಗೆ 80 ರೂಪಾಯಿ ಸಿಗುತ್ತದೆ. ಈ ಅಂಕಿ ಮುಂದೆ ಬೇಕಾಗುತ್ತದೆ, ನೆನಪಿರಲಿ.

ನಿಮ್ಮ ಪಟ್ಟಿ ಬೇರೆಯೇ ಇರುತ್ತದೆ. ನನ್ನ ಪಕ್ಕದಲ್ಲಿ ಕೂರುವ ಗೆಳತಿ ಹಳ್ಳಿಯಿಂದ ಬರುತ್ತಾಳೆ, ಬಸ್ಸಿನಲ್ಲೇ ದಿನಕ್ಕೆ ಎರಡೂವರೆ ಗಂಟೆ ಹೋಗುತ್ತದೆ. ಹಿಂದಿನ ಬೆಂಚಿನ ಹುಡುಗನೊಬ್ಬ ರಾತ್ರಿ ಒಂಬತ್ತರವರೆಗೆ ಬೇಕರಿ ಗಲ್ಲಾದಲ್ಲಿ ಕೂರುತ್ತಾನೆ. ಇವರಿಬ್ಬರಿಗೂ "ದಿನಕ್ಕೆ ಆರು ಗಂಟೆ ಓದಿ" ಎಂದರೆ ಆ ಆರು ಗಂಟೆ ಎಲ್ಲಿಂದ ಬರಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ದುಡ್ಡಿಗೆ ಎಷ್ಟು ಸರಿಯೋ ಸಮಯಕ್ಕೂ ಅಷ್ಟೇ ಸರಿ.

ಒಂದು ವಾರ ಈ ಲೆಕ್ಕ ಬರೆದು ನೋಡಿ. ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ವಾರದ ಕೊನೆಗೆ ನೆನಪು ಮಾಡಿಕೊಂಡು ಬರೆದರೆ ತಪ್ಪುತ್ತದೆ. ಕ್ಯಾಷ್‌ಬುಕ್ ಹಾಗೆಯೇ, ಆ ದಿನದ್ದು ಆ ದಿನವೇ ಬರೆಯಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ಸಂಜೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಬರೆದರೆ ಐದು ನಿಮಿಷವೂ ಬೇಕಾಗುವುದಿಲ್ಲ. ಯಾರಿಗೂ ತೋರಿಸಬೇಕಾಗಿಲ್ಲ, ಹಾಗಾಗಿ ನಿಜವನ್ನೇ ಬರೆಯಿರಿ.

ಗುರಿಗೊಂದು ತಾರೀಖು

ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ "ಕಲ್" ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. "ಪರ್ಸೋಂ" ಎಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಮನೆಯಲ್ಲಿ ಯಾರಾದರೂ "ಕಲ್" ಎಂದರೆ ವಾಕ್ಯದ ಕೊನೆಯವರೆಗೆ ಕಾದು ಯಾವ ಕಲ್ ಎಂದು ತಿಳಿಯಬೇಕು. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇರುವುದರಿಂದ ಆ ಗೊಂದಲ ಇಲ್ಲ. ಆದರೂ ಗುರಿಯ ವಿಷಯದಲ್ಲಿ ಕನ್ನಡದ "ನಾಳೆ" ಕೂಡ ಎಷ್ಟೋ ಸಲ ಕಲ್ ಆಗಿಬಿಡುತ್ತದೆ. ನಾಳೆಯಿಂದ ಓದುತ್ತೇನೆ ಎಂದು ಹೇಳಿದ್ದು ನಿನ್ನೆಯೇ ಆಗಿರುತ್ತದೆ. ಅದಕ್ಕೇ ಗುರಿಗೆ ನಾಳೆ ಸಾಲದು, ತಾರೀಖು ಬೇಕು.

ಇದನ್ನು ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ "ಸ್ಮಾರ್ಟ್" ಗುರಿ ಎನ್ನುತ್ತಾರೆ. 1981ರಲ್ಲಿ ಜಾರ್ಜ್ ಡೋರನ್ ಎಂಬುವರು ಒಂದು ಅಮೆರಿಕನ್ ಮ್ಯಾನೇಜ್‌ಮೆಂಟ್ ಪತ್ರಿಕೆಯಲ್ಲಿ ಈ ಪದವನ್ನು ಬಳಸಿದರು. ಐದು ಅಕ್ಷರಗಳಿಗೆ ಐದು ಪ್ರಶ್ನೆಗಳು. ಗುರಿ ನಿರ್ದಿಷ್ಟವಾಗಿದೆಯೇ? ಅಳೆಯಲು ಬರುತ್ತದೆಯೇ? ಅದನ್ನು ಯಾರು ಮಾಡುತ್ತಾರೆ? ಇರುವ ಅನುಕೂಲದಲ್ಲಿ ಸಾಧ್ಯವೇ? ಯಾವಾಗ ಮುಗಿಯಬೇಕು?

ಮೂರನೇ ಪ್ರಶ್ನೆಯನ್ನು ಗಮನಿಸಿ. ಈಗ ಹಲವು ಪುಸ್ತಕಗಳಲ್ಲಿ ಆ ಅಕ್ಷರಕ್ಕೆ "ಸಾಧಿಸಬಹುದಾದ" ಎಂಬ ಅರ್ಥ ಕೊಡುತ್ತಾರೆ. ಡೋರನ್ ಬರೆದದ್ದು "ಅಸೈನಬಲ್", ಅಂದರೆ ಕೆಲಸವನ್ನು ಯಾರಿಗೆ ವಹಿಸಲಾಗಿದೆ ಎಂಬುದು. ವಿದ್ಯಾರ್ಥಿಗಳಿಗೆ ಈ ಹಳೆಯ ಅರ್ಥವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನ್ನ ಅಭಿಪ್ರಾಯ. ಏಕೆಂದು ಮುಂದಿನ ಭಾಗದಲ್ಲಿ ಹೇಳುತ್ತೇನೆ.

ಒಂದು ಉದಾಹರಣೆ ನೋಡೋಣ. ನಮ್ಮ ವಿಭಾಗದಲ್ಲಿ ತುಂಬಾ ಜನ "ನಾನು ಸಿಎ ಆಗಬೇಕು" ಎನ್ನುತ್ತಾರೆ. ನಾನೂ ಹಾಗೆ ಹೇಳುವವಳೇ. ಅದು ಆಸೆ, ಇನ್ನೂ ಗುರಿಯಾಗಿಲ್ಲ. ಸಿಎ ಓದಿನಲ್ಲಿ ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಎಂಬ ಮೂರು ಮೆಟ್ಟಿಲುಗಳಿವೆ. ಇವುಗಳ ಜೊತೆ ಸಿಎ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ತರಬೇತಿ ಇರುತ್ತದೆ. ಫೌಂಡೇಶನ್‌ನಲ್ಲಿ ಅಕೌಂಟಿಂಗ್, ಬಿಸಿನೆಸ್ ಲಾ, ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್, ಬಿಸಿನೆಸ್ ಎಕನಾಮಿಕ್ಸ್ ಎಂಬ ನಾಲ್ಕು ಪತ್ರಿಕೆಗಳು, ತಲಾ 100 ಅಂಕ. ತೇರ್ಗಡೆಯಾಗಲು ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40, ಒಟ್ಟು 400ಕ್ಕೆ 200 ಅಂಕ ಬೇಕು. 2024ರಿಂದ ವರ್ಷಕ್ಕೆ ಮೂರು ಸಲ ಪರೀಕ್ಷೆ ನಡೆಯುತ್ತಿದೆ. ಪರೀಕ್ಷೆಗೆ ನಾಲ್ಕು ತಿಂಗಳು ಮುಂಚೆಯೇ ನೋಂದಣಿ ಆಗಿರಬೇಕು. ಹತ್ತನೇ ತರಗತಿ ಮುಗಿಸಿದವರು ನೋಂದಣಿ ಮಾಡಿಸಬಹುದು, ಪರೀಕ್ಷೆಗೆ ಕೂರುವುದು ಪಿಯುಸಿ ಆದ ಮೇಲೆ.

ಇಷ್ಟು ತಿಳಿದ ಮೇಲೆ ಆಸೆಯನ್ನು ಕತ್ತರಿಸಿ ಸಣ್ಣದು ಮಾಡಲು ಬರುತ್ತದೆ. ಸೆಪ್ಟೆಂಬರ್ ಪರೀಕ್ಷೆ ಬರೆಯಬೇಕಾದರೆ ಏಪ್ರಿಲ್ ಮುಗಿಯುವುದರೊಳಗೆ ನೋಂದಣಿ ಆಗಬೇಕು. ಅದಕ್ಕೂ ಮುಂಚೆ ಪಿಯು ಪರೀಕ್ಷೆ ಇದೆ. ಪಿಯು ಅಕೌಂಟೆನ್ಸಿಯಲ್ಲಿ ಪಾಲುದಾರಿಕೆಯ ನಾಲ್ಕು ಅಧ್ಯಾಯಗಳು ಗಟ್ಟಿಯಾದರೆ ಮುಂದಿನ ಓದಿಗೂ ಅದೇ ಅಡಿಪಾಯ. ಹಾಗಾಗಿ ಈ ತಿಂಗಳು ನನ್ನ ಗೋಡೆಯ ಮೇಲೆ "ಸಿಎ" ಎಂದು ಬರೆದಿಲ್ಲ. ಬರೆದಿರುವುದು ಇಷ್ಟೇ: "ಜನವರಿ 31ರೊಳಗೆ ಪಾಲುದಾರಿಕೆಯ ನಾಲ್ಕು ಅಧ್ಯಾಯ, ದಿನಕ್ಕೆ ಎರಡು ಲೆಕ್ಕ, ಉತ್ತರ ನೋಡದೆ." ಇದನ್ನು ಮಾಡಿದ್ದೇನೋ ಇಲ್ಲವೋ ಎಂದು ರಾತ್ರಿ ಮಲಗುವಾಗ ಯಾರು ಕೇಳಿದರೂ ಹೇಳಬಹುದು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರಲ್ಲ, ದಿನಕ್ಕೆ ಎರಡರಂತೆ ಆರು ವಾರಕ್ಕೆ 84 ಲೆಕ್ಕಗಳಾಗುತ್ತವೆ.

ಗುರಿಯನ್ನು ಮನೆಯ ಮುಂದೆ ಇಡುವುದು

ಈಗ "ಯಾರು ಮಾಡುತ್ತಾರೆ" ಎಂಬ ಪ್ರಶ್ನೆಗೆ ಬರೋಣ. ನಾನು ಓದಲು ಕೂತರೆ ನಾನು ಮಾಡುತ್ತಿದ್ದ ಕೆಲಸವನ್ನು ಯಾರಾದರೂ ಮಾಡಲೇಬೇಕು, ಇಲ್ಲವೇ ಅದು ನಿಲ್ಲಬೇಕು. ಎಕನಾಮಿಕ್ಸ್‌ನಲ್ಲಿ ಇದಕ್ಕೆ ಅವಕಾಶ ವೆಚ್ಚ ಎಂದು ಹೆಸರು. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಡಬೇಕಾದ ಇನ್ನೊಂದರ ಬೆಲೆ ಅದು.

ನಾನು ಈ ಲೆಕ್ಕವನ್ನು ಕಾಗದದಲ್ಲಿ ಬರೆದೆ. ವಾರದ ಆರು ದಿನ ಆರು ಸೀರೆ ಕಟ್ಟುತ್ತೇನೆ. ಅದರ ಬದಲು ವಾರದ ನಡುವೆ ಎರಡು, ಭಾನುವಾರ ಒಂದು, ಒಟ್ಟು ಮೂರು ಸೀರೆ ಕಟ್ಟಿದರೆ ವಾರಕ್ಕೆ ನಾಲ್ಕೂವರೆ ಗಂಟೆ ಉಳಿಯುತ್ತದೆ. ಪರೀಕ್ಷೆಯವರೆಗಿನ 12 ವಾರಕ್ಕೆ 54 ಗಂಟೆ. ಮನೆಗೆ ಆಗುವ ನಷ್ಟ ವಾರಕ್ಕೆ 240 ರೂಪಾಯಿ, 12 ವಾರಕ್ಕೆ 2,880 ರೂಪಾಯಿ. ಅಂದರೆ ನಾನು ಹೆಚ್ಚುವರಿಯಾಗಿ ಓದುವ ಒಂದೊಂದು ಗಂಟೆಗೂ ನಮ್ಮ ಮನೆ ಸುಮಾರು 53 ರೂಪಾಯಿ ಕೊಡುತ್ತಿದೆ. ನಮ್ಮ ಮನೆಗೆ ಇದು ಸಣ್ಣ ಮೊತ್ತವಲ್ಲ. ಅಬ್ಬಾ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಕುಚ್ಚಿನ ದುಡ್ಡಿನಲ್ಲೇ ನನ್ನ ಮತ್ತು ತಮ್ಮನ ಬಸ್ ಪಾಸು, ಪುಸ್ತಕ, ಪರೀಕ್ಷಾ ಶುಲ್ಕ ನಡೆಯುವುದು.

ಈ ಕಾಗದವನ್ನು ಅಮ್ಮಿಗೆ ಓದಿ ಹೇಳಿದೆ. ಅವರು ತಕ್ಷಣ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು, ಅಬ್ಬಾ ಜೊತೆ ಮಾತನಾಡಿದ ಮೇಲೆ, "ಸರಿ. ಆದರೆ ಪರೀಕ್ಷೆ ಮುಗಿದ ಮೇಲೆ ದಿನಕ್ಕೆ ಎರಡು ಸೀರೆ. ಒಪ್ಪಿಗೆನಾ?" ಎಂದರು. ಒಪ್ಪಿದೆ. ತಮ್ಮ ಬೆಳಗಿನ ನೀರು ಹಿಡಿಯುವ ಕೆಲಸ ತಾನು ಮಾಡುತ್ತೇನೆ ಎಂದ. ಮನೆಯಲ್ಲಿ ಸ್ಮಾರ್ಟ್‌ಫೋನ್ ಒಂದೇ ಇದೆ, ಅದು ಅಬ್ಬಾ ಜೊತೆ ರಾತ್ರಿ ಒಂಬತ್ತಕ್ಕೆ ಮನೆಗೆ ಬರುತ್ತದೆ. ಒಂಬತ್ತೂವರೆಯಿಂದ ಹತ್ತರವರೆಗೆ ಅದು ನನ್ನ ಪಾಠದ ವಿಡಿಯೋಗಳಿಗೆ ಎಂದು ತೀರ್ಮಾನವಾಯಿತು. ಯಾವ ವಿಡಿಯೋ ನೋಡಬೇಕೆಂದು ಹಗಲಿನಲ್ಲೇ ಚೀಟಿ ಬರೆದಿಟ್ಟುಕೊಳ್ಳುತ್ತೇನೆ. ಅರ್ಧ ಗಂಟೆಯಲ್ಲಿ ಹುಡುಕುತ್ತಾ ಕೂತರೆ ಹುಡುಕಾಟದಲ್ಲೇ ಹೊತ್ತು ಹೋಗುತ್ತದೆ.

ಮನೆಯವರ ಜೊತೆ ಮೊದಲೇ ಮಾತನಾಡುವುದು ಎಷ್ಟು ಮುಖ್ಯ ಎಂದು ನನಗೆ ನಮ್ಮ ಆಪಾ ಓದಿನಿಂದ ತಿಳಿದಿದೆ. ಆಪಾ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದರು. ಮುಂದೆ ಏನು ಓದುವುದು, ಎಲ್ಲಿ, ಖರ್ಚೆಷ್ಟು ಎಂದು ಯಾರೂ ಕೂತು ಮಾತನಾಡಿರಲಿಲ್ಲ. ಎಲ್ಲರೂ ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದಿದ್ದರು. ಫಲಿತಾಂಶ ಬರುವ ಹೊತ್ತಿಗೆ ಮನೆಯಲ್ಲಿ ಬೇರೆ ಮಾತು ಶುರುವಾಗಿತ್ತು, ಮರುವರ್ಷ ಮದುವೆಯಾಯಿತು. ಯಾರೂ ಅವರ ಓದಿಗೆ ಬೇಡ ಎಂದಿರಲಿಲ್ಲ. ಆ ವರ್ಷಕ್ಕೆ ಅವರದ್ದೇ ಆದ ಯೋಜನೆ ಮನೆಯವರ ಮುಂದೆ ಇರಲಿಲ್ಲ, ಹಾಗಾಗಿ ಇನ್ನೊಂದು ಯೋಜನೆ ಆ ಜಾಗಕ್ಕೆ ಬಂತು. ಈಗ ಆಪಾ ಫೋನ್ ಮಾಡಿದಾಗೆಲ್ಲ ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಅಬ್ಬಾಗೆ ಹೇಳಿದ್ದೀಯಾ?"

ಹೇಳಿದ್ದೇನೆ. "ಅಂಕ ನೋಡಿ ಮಾತನಾಡೋಣ" ಎಂದಿದ್ದಾರೆ. ಫೌಂಡೇಶನ್ ನೋಂದಣಿ ಯಾವಾಗ, ಪುಸ್ತಕಗಳಿಗೆ ಎಷ್ಟು, ಊರಲ್ಲೇ ಇದ್ದು ಬಿ.ಕಾಂ. ಜೊತೆಗೆ ಓದಬಹುದೇ ಎಂದು ಒಂದು ಹಾಳೆಯಲ್ಲಿ ಬರೆದು ಅವರಿಗೆ ಕೊಟ್ಟಿದ್ದೇನೆ. ಅದು ಈಗ ಅವರ ಅಂಗಿಯ ಜೇಬಿನಲ್ಲಿದೆ.

ಅಂದಾಜು ಯಾವಾಗಲೂ ಕಡಿಮೆಯೇ

ಇನ್ನೊಂದು ಕಾರಣಕ್ಕೂ ಟೈಮ್‌ಟೇಬಲ್‌ಗಳು ಮುರಿಯುತ್ತವೆ. ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ನಾವು ಮಾಡುವ ಅಂದಾಜು ಸಾಮಾನ್ಯವಾಗಿ ಕಡಿಮೆ ಇರುತ್ತದೆ. 1979ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ ಇದಕ್ಕೆ "ಪ್ಲಾನಿಂಗ್ ಫ್ಯಾಲಸಿ" ಎಂದು ಹೆಸರಿಟ್ಟರು. ಯೋಜನೆ ಮಾಡುವಾಗ ಆಗುವ ತಪ್ಪು ಲೆಕ್ಕ ಎಂದು ಅರ್ಥ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಲಾಯಿತು. ಅವರ ಸರಾಸರಿ ಅಂದಾಜು ಸುಮಾರು 34 ದಿನ. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕಿಂತ ಹೆಚ್ಚು. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದು ಕೇಳಿದಾಗ ಕೊಟ್ಟ ಅಂದಾಜನ್ನೂ ಅದು ಮೀರಿತ್ತು.

ಅಕೌಂಟೆನ್ಸಿಗೆ ಈ ಸ್ವಭಾವ ಮೊದಲೇ ಗೊತ್ತು. ಅದಕ್ಕೇ ವಾಪಸ್ ಬರದೇ ಹೋಗಬಹುದಾದ ಸಾಲಕ್ಕೆಂದು ಲಾಭದಲ್ಲಿ ಸ್ವಲ್ಪ ಮೊದಲೇ ತೆಗೆದಿಡುತ್ತಾರೆ. ಸಮಯಕ್ಕೂ ಹಾಗೆ ಮಾಡಬೇಕು. ನನ್ನ ಮೂರು ಗಂಟೆಯಲ್ಲಿ ಎರಡೂವರೆಗೆ ಮಾತ್ರ ಕೆಲಸ ಹಂಚುತ್ತೇನೆ. ಅರ್ಧ ಗಂಟೆ ಖಾಲಿ. ಕರೆಂಟ್ ಹೋದರೆ, ನೆಂಟರು ಬಂದರೆ, ಒಂದು ಲೆಕ್ಕ ತಾಳೆಯಾಗದೆ ಹಟ ಹಿಡಿದರೆ ಆ ಅರ್ಧ ಗಂಟೆ ಇದೆ. ಭಾನುವಾರ ಮಧ್ಯಾಹ್ನವನ್ನೂ ಹೀಗೇ ಬಿಟ್ಟಿದ್ದೇನೆ, ವಾರದಲ್ಲಿ ಬಾಕಿ ಉಳಿದದ್ದು ಅಲ್ಲಿಗೆ ಬರುತ್ತದೆ.

ಇದರ ಜೊತೆ ಇನ್ನೊಂದು ಉಪಾಯ. "ಸಂಜೆ ಓದುತ್ತೇನೆ" ಎನ್ನುವ ಬದಲು "ಇಂಥದ್ದು ಆದ ಕೂಡಲೇ ಇಂಥದ್ದನ್ನು ಮಾಡುತ್ತೇನೆ" ಎಂದು ಬರೆಯುವುದು. ಪೀಟರ್ ಗೋಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಈ ಬಗೆಯ ಯೋಜನೆಗಳನ್ನು ಅಧ್ಯಯನ ಮಾಡಿ, ಹೀಗೆ ಬರೆದಿಟ್ಟ ಕೆಲಸ ನಡೆಯುವ ಸಾಧ್ಯತೆ ಹೆಚ್ಚು ಎಂದು ತೋರಿಸಿದ್ದಾರೆ. ನಮ್ಮಲ್ಲಿ ಹಲವರಿಗೆ ಇದು ಸುಲಭ, ದಿನದಲ್ಲಿ ಐದು ನಮಾಜ್‌ನ ಹೊತ್ತುಗಳು ಮೊದಲೇ ಗುರುತಾಗಿವೆ. "ಮಗ್ರಿಬ್ ಆದ ಕೂಡಲೇ ಎರಡು ಲೆಕ್ಕ" ಎಂದರೆ ಗಡಿಯಾರ ನೋಡಬೇಕಾಗಿಲ್ಲ. ಬೇರೆಯವರು "ದೀಪ ಹಚ್ಚಿದ ಕೂಡಲೇ" ಎನ್ನಬಹುದು, "ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ" ಎನ್ನಬಹುದು. ನನ್ನ ಗೆಳತಿ ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಬಿಸಿನೆಸ್ ಸ್ಟಡೀಸ್ ಓದುತ್ತಾಳೆ, ಸಿಗದ ದಿನ ನಿಂತೇ ಮನಸ್ಸಿನಲ್ಲಿ ಅಂಶಗಳನ್ನು ಹೇಳಿಕೊಳ್ಳುತ್ತಾಳೆ.

ರಂಜಾನ್ ಮತ್ತು ಪರೀಕ್ಷೆ ಒಟ್ಟಿಗೆ ಬಂದಾಗ

ಯೋಜನೆಯ ನಿಜವಾದ ಪರೀಕ್ಷೆ ನಮಗೆ ಈ ಬಾರಿ ಕಾದಿದೆ. ಹಿಜ್ರಿ ವರ್ಷ ಚಂದ್ರನ ಲೆಕ್ಕದ್ದು, ಸುಮಾರು 354 ದಿನ. ಹಾಗಾಗಿ ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. 2025ರಲ್ಲಿ ದ್ವಿತೀಯ ಪಿಯು ಪರೀಕ್ಷೆ–1 ಮಾರ್ಚ್ 1ರಿಂದ 20ರವರೆಗೆ ನಡೆಯಿತು, ಉಪವಾಸ ಮಾರ್ಚ್ 2ಕ್ಕೆ ಶುರುವಾಯಿತು. ಈ ಬಾರಿ ಫೆಬ್ರುವರಿ ಮೂರನೇ ವಾರದ ಹೊತ್ತಿಗೆ ರಂಜಾನ್ ಬರುತ್ತದೆ. ಕೊನೆಯ ಓದು ಮತ್ತು ಪರೀಕ್ಷೆ ಎರಡೂ ಉಪವಾಸದ ದಿನಗಳಲ್ಲೇ ಆಗಬೇಕು.

ಆ ತಿಂಗಳು ಹಳೆಯ ಟೈಮ್‌ಟೇಬಲ್ ನಡೆಯುವುದಿಲ್ಲ. ನಾಲ್ಕೂವರೆಗೆ ಸಹರಿಗೆ ಏಳಬೇಕು. ಸಂಜೆ ನಾಲ್ಕೂವರೆಯಿಂದ ಇಫ್ತಾರ್‌ವರೆಗೆ ಅಡುಗೆಮನೆಯಲ್ಲಿ ಕೈ ಬೇಕು. ರಾತ್ರಿ ಇಶಾ ಮತ್ತು ತರಾವೀಹ್. ಆದರೆ ಒಂದು ಲಾಭವೂ ಇದೆ. ಮಾಮೂಲಿ ದಿನಗಳಲ್ಲಿ ನಾವು ಮಲಗಿರುವ ಹೊತ್ತಿನಲ್ಲಿ ಆ ತಿಂಗಳು ಇಡೀ ಮನೆ ಎದ್ದಿರುತ್ತದೆ. ಫಜ್ರ್ ಆದ ಮೇಲೆ ಆರರಿಂದ ಏಳೂಮುಕ್ಕಾಲರವರೆಗೆ ಹೊಟ್ಟೆಯೂ ತುಂಬಿರುತ್ತದೆ, ತಲೆಯೂ ಚುರುಕಾಗಿರುತ್ತದೆ, ಬೀದಿಯಲ್ಲಿ ಸದ್ದಿರುವುದಿಲ್ಲ. ಅಕೌಂಟೆನ್ಸಿ, ಸ್ಟ್ಯಾಟಿಸ್ಟಿಕ್ಸ್‌ನಂಥ ಲೆಕ್ಕದ ವಿಷಯಗಳನ್ನು ಆ ಹೊತ್ತಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಝುಹರ್ ನಂತರ ಬಾಯಾರಿಕೆ, ಆಯಾಸ ಇರುತ್ತದೆ, ಆಗ ಅರ್ಧ ಗಂಟೆ ಮಲಗಿದರೆ ರಾತ್ರಿಯ ನಿದ್ರೆಯ ಕೊರತೆ ಸ್ವಲ್ಪ ತುಂಬುತ್ತದೆ. ಇಫ್ತಾರ್ ಆದ ಕೂಡಲೇ ಓದಲು ಕೂತರೆ ಕಣ್ಣು ಎಳೆಯುತ್ತದೆ. ಆ ಹೊತ್ತು ಹಗುರವಾದ ಓದಿಗೆ, ಅಂದರೆ ಹಳೆಯ ಪ್ರಶ್ನೆಪತ್ರಿಕೆ ತಿರುವಿ ಹಾಕಲು ಇರಲಿ.

ಇದನ್ನು ರಂಜಾನ್ ಬಂದ ಮೇಲೆ ಶುರು ಮಾಡಿದರೆ ದೇಹ ಒಗ್ಗಲು ಒಂದು ವಾರ ಹೋಗುತ್ತದೆ. ಹಾಗಾಗಿ ಫೆಬ್ರುವರಿ ಮೊದಲ ವಾರದಿಂದಲೇ ಬೇಗ ಮಲಗಿ ಬೇಗ ಏಳುವುದನ್ನು ರೂಢಿ ಮಾಡಿಕೊಳ್ಳೋಣ. ಈದ್ ಬಟ್ಟೆಯ ಖರೀದಿಯನ್ನು ಜನವರಿಯಲ್ಲೇ ಮುಗಿಸೋಣ ಎಂದು ನಾನು ಅಮ್ಮಿಗೆ ಹೇಳಿದ್ದೇನೆ. ಆಗ ಅಂಗಡಿಯಲ್ಲಿ ರಶ್ಶೂ ಇರುವುದಿಲ್ಲ, ದರವೂ ಏರಿರುವುದಿಲ್ಲ. ಉಪವಾಸ ಇಲ್ಲದ ಗೆಳೆಯರಿಗೂ ಅವರವರ ಕಾರಣಗಳಿರುತ್ತವೆ. ಊರ ಜಾತ್ರೆ, ಅಕ್ಕನ ಮದುವೆ, ಹೊಲದ ಕೊಯ್ಲು ಯಾವುದೂ ಪರೀಕ್ಷೆಯ ಟೈಮ್‌ಟೇಬಲ್ ನೋಡಿ ಬರುವುದಿಲ್ಲ. ಕ್ಯಾಲೆಂಡರ್‌ನಲ್ಲಿ ಆ ದಿನಗಳನ್ನು ಈಗಲೇ ಗುರುತು ಹಾಕಿ, ಅವುಗಳ ಸುತ್ತ ಓದನ್ನು ಹೊಂದಿಸಿ.

ಸೃಜನಶೀಲತೆಗೆ ಜಾಗ ಎಲ್ಲಿ?

ಪರೀಕ್ಷೆ ಹತ್ತಿರ ಬಂದಾಗ ಮೊದಲು ಬಿಡುವುದು ನಮಗೆ ಇಷ್ಟವಾದದ್ದನ್ನು. ಚಿತ್ರ ಬರೆಯುವವರು ಬಣ್ಣ ಎತ್ತಿಡುತ್ತಾರೆ, ಕವಿತೆ ಬರೆಯುವವರು ಡೈರಿ ಮುಚ್ಚುತ್ತಾರೆ. ದೊಡ್ಡ ಬಿಡುವು ಸಿಕ್ಕಾಗ ಮಾಡೋಣ ಎಂದುಕೊಳ್ಳುತ್ತಾರೆ. ಬಿಡುವಿಲ್ಲದ ಬದುಕಿನ ನಡುವೆಯೇ ದೊಡ್ಡ ಕೆಲಸ ಮಾಡಿದವರು ನಮ್ಮ ಕನ್ನಡದಲ್ಲೇ ಇದ್ದಾರೆ.

ಕೆ.ಎಸ್. ನಿಸಾರ್ ಅಹಮದ್ ಅವರು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದದ್ದು ಭೂವಿಜ್ಞಾನವನ್ನು, ಕಲ್ಲು ಮತ್ತು ಖನಿಜಗಳನ್ನು. ಅದರ ಜೊತೆಯಲ್ಲೇ ಅವರು ಕನ್ನಡದ ಪ್ರಮುಖ ಕವಿಯಾದರು. ಮೊದಲ ಕವನ ಸಂಕಲನ "ಮನಸು ಗಾಂಧಿ ಬಜಾರು" 1960ರಲ್ಲಿ ಬಂದಾಗ ಅವರಿಗೆ 24 ವರ್ಷ. 2008ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇನ್ನೊಬ್ಬರು ಹಾಸನದ ಬಾನು ಮುಷ್ತಾಕ್. ಅವರ ಬಾಲ್ಯದ ಒಂದು ಸಂಗತಿ ನನಗೆ ತುಂಬಾ ಇಷ್ಟ. ಎಂಟನೇ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸುವಾಗ, ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತು ಇತ್ತಂತೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಸ್ಪಷ್ಟ ಗುರಿ, ಸ್ಪಷ್ಟ ಗಡುವು! ಮುಂದೆ ಪತ್ರಕರ್ತೆಯಾಗಿ, ವಕೀಲರಾಗಿ ಕೆಲಸ ಮಾಡುತ್ತಲೇ ಕಥೆ ಬರೆದರು. ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ "ಹಾರ್ಟ್ ಲ್ಯಾಂಪ್" ಪುಸ್ತಕಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅದರಲ್ಲಿರುವುದು 12 ಕಥೆಗಳು, 1990ರಿಂದ 2023ರವರೆಗೆ ಬರೆದವು. ಮೂವತ್ತಮೂರು ವರ್ಷ ಎಂದರೆ ನಮ್ಮ ವಯಸ್ಸಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಹಾಗಾಗಿ ವಾರಕ್ಕೆ ಒಂದು ಗಂಟೆಯನ್ನು ನಿಮ್ಮ ಇಷ್ಟದ ಕೆಲಸಕ್ಕೆ ಇಡಿ, ಅದನ್ನು ಸಣ್ಣದು ಎನ್ನಬೇಡಿ.

ಓದಿನ ಒಳಗೂ ಸೃಜನಶೀಲತೆಗೆ ಜಾಗವಿದೆ. ನಾನು ಕುಚ್ಚು ಕಟ್ಟುವಾಗ ಕೈ ಮಾತ್ರ ಕೆಲಸ ಮಾಡುತ್ತದೆ, ಬಾಯಿ ಖಾಲಿ. ಆಗ ಅಮ್ಮಿಗೆ ಪಾಠ ಹೇಳುತ್ತೇನೆ. ಪುಸ್ತಕ ಇಂಗ್ಲಿಷಿನಲ್ಲಿದೆ, ಮೇಡಂ ಕನ್ನಡದಲ್ಲಿ ವಿವರಿಸುತ್ತಾರೆ, ಅಮ್ಮಿಗೆ ಉರ್ದುವಿನಲ್ಲಿ ಹೇಳಬೇಕು. ಮೂರನೇ ಭಾಷೆಯಲ್ಲಿ ಹೇಳುವಾಗ ನನಗೆ ಎಲ್ಲಿ ಅರ್ಥವಾಗಿಲ್ಲ ಎಂಬುದು ಕೂಡಲೇ ಗೊತ್ತಾಗುತ್ತದೆ. ಸವಕಳಿಯನ್ನು ನಮ್ಮ ಹೊಲಿಗೆ ಯಂತ್ರದ ಮೇಲೆ ವಿವರಿಸಿದೆ. 9,000 ರೂಪಾಯಿಗೆ ಕೊಂಡ ಯಂತ್ರ, ಎಂಟು ವರ್ಷ ಬಾಳಿಕೆ, ಕೊನೆಗೆ ಗುಜರಿಗೆ 1,000 ಸಿಗುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 1,000 ರೂಪಾಯಿ ಸವಕಳಿ. ಅಮ್ಮಿ ಕೂಡಲೇ, "ಹಾಗಾದರೆ ಆ ಸಾವಿರವನ್ನೂ ಸೇರಿಸಿ ಬ್ಲೌಸಿನ ಕೂಲಿ ಕೇಳಬೇಕಲ್ಲ!" ಎಂದರು. ಪಾಠಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದರು.

ಹೀಗೆ ಪುಸ್ತಕ ಮುಚ್ಚಿ ಹೇಳುವುದಕ್ಕೆ ಆಧಾರವೂ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮುಂದಿದ್ದವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು. ನಮ್ಮ ಪರೀಕ್ಷೆ ಐದು ನಿಮಿಷದ ನಂತರ ಇರುವುದಿಲ್ಲವಲ್ಲ.

ಹಳೆಯ ಮದುವೆ ಕಾಗದಗಳ ಹಿಂಬದಿ ಖಾಲಿ ಇರುತ್ತದೆ, ದಪ್ಪವಾಗಿಯೂ ಇರುತ್ತದೆ. ಅದನ್ನು ಕತ್ತರಿಸಿ ಒಂದು ಕಡೆ ಪ್ರಶ್ನೆ, ಇನ್ನೊಂದು ಕಾಗದದಲ್ಲಿ ಉತ್ತರ ಬರೆದು ಜೋಡಿಸುವ ಆಟ ಮಾಡಬಹುದು. ದುಡ್ಡಿನ ಖರ್ಚಿಲ್ಲ, ಬಸ್ಸಿನಲ್ಲೂ ಆಡಬಹುದು.

ವಾರಕ್ಕೊಮ್ಮೆ ತಾಳೆ

ಬಿಸಿನೆಸ್ ಸ್ಟಡೀಸ್‌ನಲ್ಲಿ ಯೋಜನೆ ಮತ್ತು ನಿಯಂತ್ರಣವನ್ನು ಬಿಡಿಸಲಾಗದ ಅವಳಿಗಳು ಎನ್ನುತ್ತಾರೆ. ಯೋಜನೆ ಮಾಡಿ ತಾಳೆ ನೋಡದಿದ್ದರೆ ಅದು ಗೋಡೆಯ ಹಾಳೆಯಾಗಿಯೇ ಉಳಿಯುತ್ತದೆ. ಭಾನುವಾರ ಹತ್ತು ನಿಮಿಷ ಸಾಕು. ಅಂದುಕೊಂಡದ್ದೆಷ್ಟು, ಆದದ್ದೆಷ್ಟು, ವ್ಯತ್ಯಾಸಕ್ಕೆ ಕಾರಣ ಏನು ಎಂಬ ಮೂರು ಸಾಲು ಬರೆಯಿರಿ. ವ್ಯತ್ಯಾಸ ಬಂದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಪುಸ್ತಕ ಹರಿದು ಹಾಕುವುದಿಲ್ಲ, ತಪ್ಪು ಎಲ್ಲಿದೆ ಎಂದು ಹುಡುಕುತ್ತೇವೆ. ಎರಡು ವಾರ ಒಂದೇ ಕೆಲಸ ಬಾಕಿ ಉಳಿದರೆ ಆ ಕೆಲಸಕ್ಕೆ ಕೊಟ್ಟ ಹೊತ್ತು ಬದಲಿಸಿ, ಇಲ್ಲವೇ ಗುರಿಯನ್ನು ಸಣ್ಣದು ಮಾಡಿ.

ಕೊನೆಯದಾಗಿ, ಈ ವಾರ ಮಾಡಬಹುದಾದ ನಾಲ್ಕು ಕೆಲಸಗಳು:

1. ಏಳು ದಿನ ಗಂಟೆಗಳ ಲೆಕ್ಕ ಬರೆದು, ಉಳಿಯುವ ಹೊತ್ತೆಷ್ಟು ಎಂದು ಕಂಡುಕೊಳ್ಳಿ.
2. ಜನವರಿ 31ರೊಳಗೆ ಮುಗಿಯುವ ಒಂದೇ ಒಂದು ಗುರಿಯನ್ನು ತಾರೀಖಿನ ಸಮೇತ ಬರೆಯಿರಿ.
3. ಆ ಹಾಳೆಯನ್ನು ಮನೆಯಲ್ಲಿ ಒಬ್ಬರಿಗಾದರೂ ಓದಿ ಹೇಳಿ, ಯಾವ ಕೆಲಸ ಯಾರು ಮಾಡುತ್ತಾರೆಂದು ಕೇಳಿಕೊಳ್ಳಿ.
4. ವಾರದಲ್ಲಿ ಒಂದು ಗಂಟೆ ನಿಮ್ಮ ಇಷ್ಟದ ಕೆಲಸಕ್ಕೆ ಇಡಿ.

ಗುರುಗಳಲ್ಲಿ ಒಂದು ಸಣ್ಣ ವಿನಂತಿ. ಪೋಷಕರ ಸಭೆಯಲ್ಲಿ ಅಂಕಗಳ ಜೊತೆಗೆ ಮುಂದೆ ಏನು ಓದಬಹುದು, ಎಲ್ಲಿ, ಎಷ್ಟು ಖರ್ಚು, ಕೊನೆಯ ದಿನಾಂಕ ಯಾವುದು ಎಂಬುದನ್ನೂ ಒಂದು ಹಾಳೆಯಲ್ಲಿ ಕೊಟ್ಟರೆ ನಮ್ಮಂಥ ಎಷ್ಟೋ ಮನೆಗಳಲ್ಲಿ ಆ ಮಾತು ಫಲಿತಾಂಶಕ್ಕಿಂತ ಮೊದಲೇ ಶುರುವಾಗುತ್ತದೆ.

ಎಲ್ಲರಿಗೂ ಪರೀಕ್ಷೆಗೆ ಶುಭವಾಗಲಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ